ಮುಟ್ಟು ನಿಲ್ಲುವ ಮುನ್ನ ಮೈಬಲ



ಹೆಣ್ಣುಮಕ್ಕಳ ಆರೋಗ್ಯ ಕುರಿತು ವರ್ಷಕ್ಕೊಂದು ಉಪನ್ಯಾಸ, ಅದೂ ಕನ್ನಡದಲ್ಲಿ, ನಡೆಯಬೇಕು ಎಂಬುದು ಈ ಸಭೆಯನ್ನು ಏರ್ಪಡಿಸಿದ ದತ್ತಿಯ ಆಶಯ. ತಾಯಿಯ ನೆನಪಿಗೆ ಇಂಥದೊಂದು ದತ್ತಿ ಇಟ್ಟ ಮಕ್ಕಳಿಗೆ ನನ್ನ ಮೊದಲ ನಮಸ್ಕಾರ. ವೈದ್ಯವಿಷಯವನ್ನು ಕನ್ನಡದ ಹೆಣ್ಣುಮಕ್ಕಳಿಗೆ ಮನಮುಟ್ಟುವಂತೆ ಹೇಳಿದ ದೊಡ್ಡ ಪರಂಪರೆ ನಮಗಿದೆ. ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’, ‘ತಾಯಿ-ಮಗು’ ಪುಸ್ತಕಗಳು ಎಷ್ಟು ಮನೆಗಳ ಕಪಾಟಿನಲ್ಲಿದ್ದವು, ಎಷ್ಟು ಹುಡುಗಿಯರು ಅವನ್ನು ಮರೆಯಲ್ಲಿ ಕುಳಿತು ಓದಿದರು ಎಂಬುದು ನನ್ನ ತಲೆಮಾರಿನವರಿಗೆಲ್ಲ ಗೊತ್ತು. ಮದುವೆಯಾಗುವ ಹುಡುಗಿಗೆ, ಬಸುರಿಗೆ, ಬಾಣಂತಿಗೆ ಹೀಗೆ ಕಿವಿಮಾತು ಹೇಳುವವರು ಸಿಕ್ಕರು. ಆದರೆ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ತನ್ನ ಮೈ ತನಗೇ ಅಪರಿಚಿತವಾಗುವ ನಲವತ್ತೈದರ ಹೆಂಗಸಿಗೆ ಹೇಳಿದ್ದು ಬಹಳ ಕಡಿಮೆ. ಈ ಸಂಜೆ ನಾನು ಅವಳನ್ನು ಕುರಿತು, ಅವಳೊಂದಿಗೆ ಮಾತಾಡುತ್ತೇನೆ.

ನಾನು ಹೇಳಬೇಕಾದ್ದು ಇಷ್ಟೆ. ಮುಟ್ಟು ನಿಲ್ಲುವ ಮುಂಚಿನ ಆ ಕೆಲವು ವರ್ಷಗಳಲ್ಲಿ ಹೆಣ್ಣು ತನ್ನ ಮೈಬಲವನ್ನು ಬೆಳೆಸಿಕೊಳ್ಳಬೇಕು. ಅದಕ್ಕೆ ನಡಿಗೆ ಮಾತ್ರ ಸಾಲದು, ವಾರಕ್ಕೆ ಎರಡು ದಿನವಾದರೂ ಭಾರ ಎತ್ತಬೇಕು. ಅದಕ್ಕೆ ಬೇಕಾದ ಬಿಡುವನ್ನು ಅವಳಿಗೆ ಮಾಡಿಕೊಡುವುದು ಮನೆಯ ಮತ್ತು ಊರಿನ ಕರ್ತವ್ಯ.

ಇದು ಯಾವ ಹಂತ?

12 ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತು ಎನ್ನುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51. ನಮ್ಮ ದೇಶದಲ್ಲಿ 46-47. ಅದಕ್ಕೆ ಮುಂಚಿನ, ಮುಟ್ಟು ಹಿಂದೆಮುಂದೆ ಆಗುತ್ತಾ ಹೋಗುವ ಅವಧಿಯೇ ಪೆರಿಮೆನೊಪಾಸ್. ಹಲವರಿಗೆ ಇದು ನಾಲ್ಕೈದು ವರ್ಷ, ಕೆಲವರಿಗೆ ಎಂಟು ಹತ್ತು ವರ್ಷ. ಅಂದರೆ ನಮ್ಮಲ್ಲಿ ನಲವತ್ತು ದಾಟಿದ ಅನೇಕರು, ತಮಗೆ ತಿಳಿಯದೆಯೇ, ಈ ಹಂತದಲ್ಲಿದ್ದಾರೆ.

ಲಕ್ಷಣಗಳು ನಿಮಗೆ ಪರಿಚಿತ. ಒಂದು ತಿಂಗಳು ಇಪ್ಪತ್ತು ದಿನಕ್ಕೇ ಮುಟ್ಟು, ಇನ್ನೊಂದು ಸಲ ಎರಡು ತಿಂಗಳಾದರೂ ಇಲ್ಲ. ಬಂದರೆ ಅತಿಸ್ರಾವ. ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಕ್ಕೆ ಬಿಸಿ ಏರಿ ಬೆವರು ಕಿತ್ತುಕೊಂಡು ಬರುತ್ತದೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಂಡಿ ನೋವು, ಭುಜದ ಬಿಗಿತ, ಸಣ್ಣದಕ್ಕೂ ಸಿಡುಕು, ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುವುದು. ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡರೆ ‘ವಯಸ್ಸಾಯ್ತಲ್ಲ’ ಎಂಬ ಒಂದೇ ಉತ್ತರ.

ಆ ಉತ್ತರ ಇಂದಿನ ಕಾಲಕ್ಕೆ ಹೊಂದುವುದಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಹೆಣ್ಣುಮಕ್ಕಳ ಸರಾಸರಿ ಆಯುಷ್ಯ 70 ದಾಟಿದೆ. ನಲವತ್ತಾರಕ್ಕೆ ಮುಟ್ಟು ನಿಂತವಳ ಮುಂದೆ ಇನ್ನೂ ಇಪ್ಪತ್ತೈದು, ಮೂವತ್ತು ವರ್ಷಗಳ ಬದುಕಿದೆ. ಆ ಬದುಕನ್ನು ತನ್ನ ಕಾಲ ಮೇಲೆ ನಿಂತು ಕಳೆಯುತ್ತಾಳೋ, ಮಂಚ ಹಿಡಿದು ಕಳೆಯುತ್ತಾಳೋ ಎಂಬುದರಲ್ಲಿ ಈ ಕೆಲವು ವರ್ಷಗಳ ಪಾಲು ದೊಡ್ಡದು.

ಮೈಯೊಳಗೆ ನಡೆಯುವುದು

ಅಂಡಾಶಯದಲ್ಲಿ ಅಂಡಗಳು ಕಡಿಮೆಯಾದಂತೆ ಈಸ್ಟ್ರೋಜೆನ್ ಏರುಪೇರಾಗುತ್ತದೆ, ಆಮೇಲೆ ಇಳಿಯುತ್ತದೆ. ಈಸ್ಟ್ರೋಜೆನ್ ಗರ್ಭಕೋಶಕ್ಕೆ ಮಾತ್ರ ಸಂಬಂಧಿಸಿದ ಹಾರ್ಮೋನು ಎಂದು ತಿಳಿದವರು ಬಹಳ ಮಂದಿ. ಮೂಳೆ, ಸ್ನಾಯು, ರಕ್ತನಾಳ, ಮಿದುಳು ಎಲ್ಲವೂ ಅದರ ಮಾತು ಕೇಳುತ್ತವೆ.

ಮೊದಲು ಮೂಳೆ. ನಮ್ಮ ಮೂಳೆ ಸದಾ ಸವೆಯುತ್ತದೆ, ಸದಾ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಈಸ್ಟ್ರೋಜೆನ್ ಇಳಿದಾಗ ಸವೆಸುವ ಜೀವಕೋಶಗಳ ಕೈ ಮೇಲಾಗುತ್ತದೆ. ಅಮೆರಿಕದಲ್ಲಿ 1990ರ ದಶಕದ ನಡುವೆ ಆರಂಭವಾದ ‘ಸ್ವಾನ್’ ಎಂಬ ಅಧ್ಯಯನ, 3,302 ಮಹಿಳೆಯರನ್ನು ನಡುವಯಸ್ಸಿನಿಂದ ಮುಂದಕ್ಕೆ ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂತು. ಅದರಲ್ಲಿ ಕಂಡದ್ದು ಇದು: ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಇರುವಾಗಲೇ ಮೂಳೆಯ ಸವೆತ ಚುರುಕಾಗುತ್ತದೆ, ಆಮೇಲಿನ ಎರಡು ವರ್ಷವೂ ಅದೇ ವೇಗದಲ್ಲಿ ಸಾಗುತ್ತದೆ. ಆ ಮೂರು ವರ್ಷಗಳಲ್ಲೇ ಸೊಂಟದ ಬೆನ್ನುಮೂಳೆ ಸರಾಸರಿ ಶೇ 7ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಆ ಅಧ್ಯಯನದಲ್ಲಿ ಭಾರತೀಯ ಮೂಲದವರ ಗುಂಪು ಇರಲಿಲ್ಲ. ಆದರೆ ಭಾರತದ ಹೆಣ್ಣುಮಕ್ಕಳಿಗೆ ಮುಟ್ಟು ಇನ್ನೂ ಬೇಗ ನಿಲ್ಲುತ್ತದೆ, ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಹಾಗಾಗಿ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ಎರಡನೆಯದು ಸ್ನಾಯು. ಬಳಸದೆ ಬಿಟ್ಟರೆ ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಋತುಬಂಧದ ಹೊಸ್ತಿಲಲ್ಲಿ ಕೊಬ್ಬು ವೇಗವಾಗಿ ಸೇರುತ್ತದೆ, ಅದೂ ಹೊಟ್ಟೆಯ ಸುತ್ತ. ‘ಊಟ ಮೊದಲಿನಷ್ಟೇ, ಆದರೂ ರವಿಕೆ ಬಿಗಿಯಾಗ್ತಿದೆ’ ಎನ್ನುವವಳ ಮಾತು ಸುಳ್ಳಲ್ಲ. ತೂಕದ ಯಂತ್ರದಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೂ ಒಳಗೆ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಕುಳಿತಿರುತ್ತದೆ. ಭಾರತೀಯರು ನೋಡಲು ಸಣ್ಣಗಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ ಎಂಬುದನ್ನು ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಅವರ ಸಂಶೋಧನೆ ಜಗತ್ತಿಗೆ ತೋರಿಸಿತು. ಉಂಡ ಅನ್ನ ಮುದ್ದೆಯ ಸಕ್ಕರೆಗೆ ಸ್ನಾಯುವೇ ದೊಡ್ಡ ಕಣಜ. ಕಣಜ ಕಿರಿದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನಲವತ್ತೈದರ ಹೆಂಗಸಿನ ತೊಡೆಯ ಬಲಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ.

ಮೂರನೆಯದು ಹೃದಯ. ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ ಎಂಬುದೂ ಸ್ವಾನ್ ಅಧ್ಯಯನದಲ್ಲೇ ಕಂಡುಬಂತು. ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆಯಿಂದ ಹೆಂಗಸಿನ ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ಇನ್ನಾದರೂ ನಿಲ್ಲಬೇಕು.

‘ಮನೆಗೆಲಸವೇ ವ್ಯಾಯಾಮ ಅಲ್ವಾ ಮೇಡಂ?’

ವ್ಯಾಯಾಮ ಮಾಡಿ ಎಂದು ಹೇಳಿದಾಗ ನನ್ನ ಚಿಕಿತ್ಸಾಲಯದಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನಲವತ್ತಾರರ ಒಬ್ಬ ತಾಯಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಬೆಳಗ್ಗೆ ಐದಕ್ಕೆ ಎದ್ರೆ ರಾತ್ರಿ ಹನ್ನೊಂದಕ್ಕೆ ಮಲಗೋದು ಮೇಡಂ. ತಿಂಡಿ, ಡಬ್ಬಿ, ನೀರು, ಬಟ್ಟೆ, ಆಮೇಲೆ ಡ್ಯೂಟಿ. ಇನ್ನೇನ್ ವ್ಯಾಯಾಮ ಮಾಡ್ಲಿ?” ಅವರ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಹಿಂದಕ್ಕೆ ಕೈ ತಂದು ಕೂದಲು ಕಟ್ಟಿಕೊಳ್ಳಲು ಆಗದೆ ಮಗಳ ಕೈಲಿ ಜಡೆ ಹಾಕಿಸಿಕೊಳ್ಳುತ್ತಿದ್ದರು. ನೆಲದ ಮೇಲೆ ಕುಳಿತರೆ ಎರಡು ಕೈ ಊರದೆ ಏಳಲು ಬರುತ್ತಿರಲಿಲ್ಲ. ದುಡಿಮೆಗೆ ಕೊರತೆಯಿಲ್ಲ, ಆದರೆ ಮೈಯಲ್ಲಿ ಬಲವಿಲ್ಲ.

ಇದಕ್ಕೆ ಕಾರಣವಿದೆ. ಮೂಳೆ ಮತ್ತು ಸ್ನಾಯು ತಮಗೆ ಅಭ್ಯಾಸವಾದ ಭಾರಕ್ಕಿಂತ ಹೆಚ್ಚಿನ ಭಾರ ಬಿದ್ದಾಗ, ಆಮೇಲೆ ವಿಶ್ರಾಂತಿ ಮತ್ತು ಊಟ ಸಿಕ್ಕಾಗ ಮಾತ್ರ ಬಲಗೊಳ್ಳುತ್ತವೆ. ಮೂಳೆ ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವುದು, ಎಲ್ಲವೂ ಇಪ್ಪತ್ತು ವರ್ಷದಿಂದ ಅದೇ ಭಾರ, ಅದೇ ಭಂಗಿ. ಮೈ ದಣಿಯುತ್ತದೆ, ಬಲಗೊಳ್ಳುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು ಕಾರ್ಮಿಕರನ್ನು ಕುರಿತು ನಡೆಸಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ: ಬಿಡುವಿನ ವೇಳೆಯಲ್ಲಿ ಮಾಡಿದ ವ್ಯಾಯಾಮ ಹೃದಯಕ್ಕೆ ಕೊಡುವ ಲಾಭವನ್ನು ದಿನವಿಡೀ ಬಿಡುವಿಲ್ಲದ ಮೈದುಡಿಮೆ ಕೊಡುವುದಿಲ್ಲ.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಹೊರೆ ಹೊರುವ ಹೆಣ್ಣುಮಕ್ಕಳ ಮಾತು ಬೇರೆ. ಅವರಿಗೆ ಭಾರ ಈಗಾಗಲೇ ಸಾಕಷ್ಟಿದೆ. ಅವರಿಗೆ ಬೇಕಾದ್ದು ಹೊಟ್ಟೆತುಂಬ ಊಟ, ಕಬ್ಬಿಣಾಂಶ, ನಿದ್ದೆ ಮತ್ತು ಬೆನ್ನು ಕೆಡದಂತೆ ಹೊರೆ ಎತ್ತುವ ಕ್ರಮ. ಎಲ್ಲರಿಗೂ ಒಂದೇ ಸಲಹೆ ಕೊಟ್ಟು ಕಳಿಸುವುದು ವೈದ್ಯರಾದ ನಮಗೆ ಸುಲಭ, ಅವರಿಗೆ ಉಪಯೋಗವಿಲ್ಲ.

ನಡಿಗೆಯ ಜೊತೆಗೆ ಭಾರ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಎಲ್ಲ ವಯಸ್ಕರಿಗೂ ಎರಡು ಮಾತು ಹೇಳುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಇರಬೇಕು, ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಮುಖ್ಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಬೇಕು. ಮೊದಲನೆಯದು ನಮ್ಮಲ್ಲಿ ಜನಜನಿತ. ಬೆಳಗಿನ ವಾಕಿಂಗ್ ಎಲ್ಲ ಊರಿನಲ್ಲೂ ಇದೆ. ಎರಡನೆಯದು ಹೆಂಗಸರ ಕಿವಿಗೇ ಬಿದ್ದಿಲ್ಲ.

ನಡಿಗೆ ಬೇಕು. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸಾಗಿರಬೇಕು. ಅದು ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ನಲವತ್ತು ವರ್ಷದಿಂದ ನಡೆದಿರುವ ಮೂಳೆಗೆ ನಡಿಗೆ ಹೊಸ ಭಾರವಲ್ಲ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಬೆಲಿಂಡಾ ಬೆಕ್ ಅವರ ತಂಡ ‘ಲಿಫ್ಟ್‌ಮೋರ್’ ಎಂಬ ಪ್ರಯೋಗ ನಡೆಸಿತು. 101 ಮಹಿಳೆಯರು, ಎಲ್ಲರೂ 58 ದಾಟಿದವರು, ಮುಟ್ಟು ನಿಂತವರು, ಮೂಳೆ ಸಾಂದ್ರತೆ ಕಡಿಮೆ ಇದ್ದವರು. ಒಂದು ಗುಂಪು ತರಬೇತುದಾರರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ದಿನ, ತಲಾ ಅರ್ಧ ಗಂಟೆ, ನಿಜವಾಗಿಯೂ ಭಾರವಾದ ಕಬ್ಬಿಣ ಎತ್ತಿತು. ನೆಲದಿಂದ ಎತ್ತುವುದು, ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವುದು, ತಲೆಯ ಮೇಲಕ್ಕೆ ಎತ್ತುವುದು, ಮೇಲಿಂದ ಧುಮುಕಿ ಕಾಲೂರುವುದು. ಇನ್ನೊಂದು ಗುಂಪು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳ ನಂತರ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇ 2.9 ಏರಿತ್ತು, ಹಗುರ ವ್ಯಾಯಾಮದವರದು ಶೇ 1.2 ಇಳಿದಿತ್ತು. ವಯಸ್ಸಾದವರಿಗೆ ಭಾರ ಕೂಡದು ಎಂಬ ಹಳೆಯ ಹೆದರಿಕೆಗೆ ಇದು ದೊಡ್ಡ ಉತ್ತರ. ಮುಟ್ಟು ನಿಂತು ಹತ್ತು ವರ್ಷವಾದವರಿಗೇ ಇದು ಸಾಧ್ಯವಾದರೆ ನಲವತ್ತೈದರವಳು ಹಿಂಜರಿಯಬೇಕಿಲ್ಲ. ಆದರೆ ಆ ಪ್ರಯೋಗದಲ್ಲಿ ಹಗುರ ಭಾರದಿಂದ ಮೆಲ್ಲಗೆ ಮೇಲೇರಿಸಿದ್ದರು, ಪಕ್ಕದಲ್ಲಿ ಬಲ್ಲವರು ನಿಂತಿದ್ದರು ಎಂಬುದನ್ನು ಮರೆಯಬಾರದು.

ಜಿಮ್ ಇಲ್ಲದ ಊರಿನಲ್ಲೂ ಆರಂಭಿಸಬಹುದು. ಆರಂಭಕ್ಕೆ ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದು ಅಕ್ಕಿ ಚೀಲ ಸಾಕು.

ಕುರ್ಚಿಯ ಬಸ್ಕಿಯಿಂದ ಶುರುಮಾಡಿ. ಕುರ್ಚಿಯ ಅಂಚಿನಲ್ಲಿ ಕುಳಿತು, ಪಾದಗಳನ್ನು ಸೊಂಟದಗಲಕ್ಕೆ ಊರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಕೈ ಊರದೆ ಏಳಿ. ಮೂರು ಎಣಿಸುತ್ತಾ ಮೆಲ್ಲಗೆ ಕುಳಿತುಕೊಳ್ಳಿ. ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಹತ್ತು ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತು. ಇದು ಸಲೀಸಾದ ಮೇಲೆ ಎದೆಗೆ ಎರಡು ಕೆಜಿ ಸಕ್ಕರೆ ಪ್ಯಾಕೆಟ್ ಅವಚಿಕೊಂಡು ಮಾಡಿ, ಆಮೇಲೆ ಐದು ಕೆಜಿ.

ಗೋಡೆ ದಂಡ ಎರಡನೆಯದು. ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಅಂಗೈ ಗೋಡೆಗೆ ಊರಿ, ಮೈ ನೆಟ್ಟಗಿಟ್ಟು ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ಎದೆ, ತೋಳು, ಮಣಿಕಟ್ಟು ಮೂರಕ್ಕೂ ಕೆಲಸ. ಸುಲಭವಾದಾಗ ಗೋಡೆಯ ಬದಲು ಅಡುಗೆಮನೆಯ ಕಟ್ಟೆ, ಆಮೇಲೆ ಗಟ್ಟಿ ಬೆಂಚು.

ಮೂರನೆಯದು ಅಕ್ಕಿ ಚೀಲ. ಒಂದು ಸಂಜೆಯ ತರಗತಿಯಲ್ಲಿ ಇದನ್ನು ಹೇಳಿಕೊಡುತ್ತಿದ್ದಾಗ ಶಾಲೆಯ ಬಿಸಿಯೂಟದ ಅಡುಗೆಯವರೊಬ್ಬರು ಮುಂದೆ ಬಂದರು. ಹತ್ತು ಕೆಜಿ ಚೀಲ ನೆಲದಲ್ಲಿತ್ತು. ಅವರು ದಿನವೂ ಎತ್ತುವ ರೀತಿಯಲ್ಲೇ ಮಂಡಿ ನೆಟ್ಟಗಿಟ್ಟು, ಕಸ ಗುಡಿಸುವಂತೆ ಬೆನ್ನು ಬಾಗಿಸಿ, ಕೈ ಮುಂದಕ್ಕೆ ಚಾಚಿ ಎತ್ತಿದರು. ಸೊಂಟಕ್ಕೆ ಕೈ ಹೋಯಿತು. ಚೀಲವನ್ನು ಪಾದಕ್ಕೆ ತಾಕುವಷ್ಟು ಹತ್ತಿರ ಎಳೆದುಕೊಳ್ಳಲು ಹೇಳಿದೆ. ಹಿಂದಿರುವ ಬಾಗಿಲನ್ನು ಸೊಂಟದಿಂದ ತಳ್ಳುವ ಹಾಗೆ ಹಿಂಭಾಗವನ್ನು ಹಿಂದಕ್ಕೆ ಸರಿಸಿ, ಮಂಡಿ ಸ್ವಲ್ಪ ಮಡಿಸಿ, ಬೆನ್ನು ಹಲಗೆಯಂತೆ ನೆಟ್ಟಗಿಟ್ಟು ಚೀಲ ಹಿಡಿಯಬೇಕು. ಉಸಿರು ಬಿಡುತ್ತಾ, ಹಿಮ್ಮಡಿಯಿಂದ ನೆಲ ಒತ್ತಿ ನಿಲ್ಲಬೇಕು. ಮೂರನೆಯ ಸಲಕ್ಕೆ ಚೀಲ ಸಲೀಸಾಗಿ ಎದ್ದು ಬಂತು. “ಬೆನ್ನಿಗೆ ಏನೂ ಆಗ್ಲಿಲ್ಲ, ತೊಡೇಲೇ ಗೊತ್ತಾಯ್ತು” ಎಂದರು. ಗೊತ್ತಾಗಬೇಕಾದ ಜಾಗ ಅದೇ. ಮೈಯ ಅತಿ ದೊಡ್ಡ ಸ್ನಾಯುಗಳು ಪೃಷ್ಠದಲ್ಲಿ, ತೊಡೆಯಲ್ಲಿವೆ. ಅವನ್ನು ಬಿಟ್ಟು ನಡುವಿನ ಮೇಲೆ ಭಾರ ಹಾಕುತ್ತಾ ಬಂದದ್ದೇ ಎಷ್ಟೋ ಸೊಂಟನೋವಿನ ಮೂಲ.

ಇದರ ಜೊತೆಗೆ ನೀರು ತುಂಬಿದ ಬಾಟಲಿಗಳನ್ನು ಹೆಗಲಿನಿಂದ ತಲೆಯ ಮೇಲಕ್ಕೆ ಎತ್ತುವುದು, ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಕಟ್ಟಿ ಎದೆಯ ಕಡೆಗೆ ಎಳೆಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಸೇರಿಸಿ. ಮಂಡಿ ನೋವಿಲ್ಲದವರು, ಕೆಮ್ಮಿದರೆ ಮೂತ್ರ ಜಿನುಗದವರು ನಿಂತಲ್ಲೇ ಹತ್ತಿಪ್ಪತ್ತು ಸಲ ಪುಟ್ಟದಾಗಿ ಜಿಗಿಯಬಹುದು. ಜಿಗಿತದ ಆಘಾತ ಸೊಂಟದ ಮೂಳೆಗೆ ಒಳ್ಳೆಯದು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದರಿಂದ ಸಮತೋಲ ಬರುತ್ತದೆ. ಮುಂದೆ ಎಪ್ಪತ್ತರಲ್ಲಿ ಬಚ್ಚಲಿನಲ್ಲಿ ಜಾರದಂತೆ ಕಾಯುವುದು ಇದೇ.

ಲೆಕ್ಕ ನೆನಪಿಡಿ. ಪ್ರತಿ ವ್ಯಾಯಾಮ 8ರಿಂದ 12 ಸಲ, ಎರಡು ಅಥವಾ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಹನ್ನೆರಡೂ ಸುಲಭವಾದರೆ ಭಾರ ಹೆಚ್ಚಿಸುವ ಹೊತ್ತು ಬಂತು. ಎರಡು ದಿನಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ಉಸಿರು ಕಟ್ಟಬಾರದು. ಮರುದಿನ ಸ್ನಾಯು ನೋಯುವುದು ಸಹಜ, ಕೀಲಿನೊಳಗೆ ಚುಚ್ಚುವ ನೋವು ಬಂದರೆ ನಿಲ್ಲಿಸಿ ತೋರಿಸಿಕೊಳ್ಳಬೇಕು.

ಮೂತ್ರ ಜಿನುಗುವ ವಿಷಯ ಬಂತು. ಇದನ್ನು ಹೇಳಿಕೊಳ್ಳಲು ನಾಚಿ ವ್ಯಾಯಾಮವನ್ನೇ ಬಿಟ್ಟವರು ಬಹಳ ಜನ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ ಇದಕ್ಕೆ ಈಗಲೂ ಮೊದಲ ಚಿಕಿತ್ಸೆ. ಗಾಳಿ ಮತ್ತು ಮೂತ್ರ ಎರಡನ್ನೂ ತಡೆಯುವ ಹಾಗೆ ಒಳಸ್ನಾಯುಗಳನ್ನು ಮೇಲಕ್ಕೆ ಎಳೆದು ಐದಾರು ಸೆಕೆಂಡು ಹಿಡಿದು ಪೂರ್ತಿ ಸಡಿಲಬಿಡಿ. ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ. ಬಸ್ಸಿನಲ್ಲಿ ಕುಳಿತೂ ಮಾಡಬಹುದು. ಫಲ ಕಾಣಲು ಮೂರು ತಿಂಗಳು ತಾಳ್ಮೆ ಬೇಕು.

ಬಲ ಬರಲು ಊಟವೂ ಬೇಕು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿಯಲ್ಲಿ ಬೇಳೆ, ಕಾಳು, ಮೊಟ್ಟೆ, ಮೀನು ಇವುಗಳ ಪಾಲು ಅವಳಿಗೆ ತಪ್ಪುತ್ತದೆ. ಸಾರಿನ ತಳದ ಬೇಳೆ ಅವಳ ತಟ್ಟೆಗೂ ಬೀಳಬೇಕು. ರಾಗಿಯ ವಿಷಯದಲ್ಲಿ ನಾವು ಅದೃಷ್ಟವಂತರು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದ್ದು ಸುಮಾರು 1,000 ಮಿಲಿಗ್ರಾಂ. ಮುದ್ದೆಯ ಜೊತೆ ಸೊಪ್ಪು, ಮೊಸರು ಸೇರಿದರೆ ಬಹುಪಾಲು ಅಲ್ಲೇ ಒದಗುತ್ತದೆ.

ಬಿಸಿಯೇರಿಕೆ, ನಿದ್ದೆ, ಮನಸ್ಸು

ವ್ಯಾಯಾಮ ಮಾಡಿದರೆ ಬಿಸಿಯೇರುವುದು ನಿಲ್ಲುತ್ತದೆಯೇ ಎಂದು ಕೇಳುತ್ತೀರಿ. ಉಳಿದ ಲಾಭಗಳ ಬಗ್ಗೆ ಕೊಡುವ ಭರವಸೆಯನ್ನು ಇಲ್ಲಿ ಕೊಡಲಾರೆ. ಅಮೆರಿಕದಲ್ಲಿ ನಡೆದ ‘ಎಂಎಸ್ ಫ್ಲ್ಯಾಶ್’ ಪ್ರಯೋಗದಲ್ಲಿ 12 ವಾರ ಬಿರುಸು ನಡಿಗೆಯಂಥ ವ್ಯಾಯಾಮ ಮಾಡಿದವರಿಗೆ ಬಿಸಿಯೇರಿಕೆ ಕಡಿಮೆಯಾಗಲಿಲ್ಲ. ಆದರೆ ನಿದ್ದೆ ಸ್ವಲ್ಪ ಸುಧಾರಿಸಿತು, ಮನಸ್ಸಿನ ಕುಗ್ಗುವಿಕೆ ತುಸು ತಗ್ಗಿತು. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 40ರಿಂದ 55 ವಯಸ್ಸಿನ 120 ಮಹಿಳೆಯರನ್ನು ಎರಡು ಗುಂಪು ಮಾಡಿ ಎಂಟು ವಾರ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೂರ್ಯನಮಸ್ಕಾರ, ಪ್ರಾಣಾಯಾಮ, ಧ್ಯಾನ ಮಾಡಿದವರಿಗೆ ಸರಳ ವ್ಯಾಯಾಮ ಮಾಡಿದವರಿಗಿಂತ ಬಿಸಿಯೇರಿಕೆ, ಬೆವರಿನ ಕಾಟ ಕಡಿಮೆಯಾಗಿತ್ತು. ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ. ಯೋಗದಿಂದ ನಿದ್ದೆ, ನೆಮ್ಮದಿ, ಮೈಯ ಸಡಿಲಿಕೆ ಸಿಗುತ್ತದೆ. ಖಂಡಿತ ಮಾಡಿ. ಅದರ ಜೊತೆಗೆ ಭಾರವನ್ನೂ ಎತ್ತಿ.

ಬಿಸಿಯೇರಿಕೆ ಬದುಕನ್ನೇ ಕದಡುವಷ್ಟಿದ್ದರೆ ಸಹಿಸಿಕೊಂಡು ಕೂರಬೇಡಿ. ಹಾರ್ಮೋನು ಚಿಕಿತ್ಸೆ ಅದಕ್ಕೆ ಅತ್ಯಂತ ಪರಿಣಾಮಕಾರಿ. ಯಾರಿಗೆ ಸರಿ, ಯಾರಿಗೆ ಬೇಡ ಎಂಬುದನ್ನು ವೈದ್ಯರು ನಿಮ್ಮ ಇತಿಹಾಸ ನೋಡಿ ಹೇಳುತ್ತಾರೆ. ಹಾರ್ಮೋನು ಬೇಡವೆನ್ನುವವರಿಗೆ ಬೇರೆ ಮದ್ದುಗಳೂ ಇವೆ. ವ್ಯಾಯಾಮ ಚಿಕಿತ್ಸೆಯ ಜೊತೆಗಿರಲಿ, ಅದರ ಬದಲಿಗೆ ಬೇಡ.

ಆರಂಭಿಸುವ ಮೊದಲು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಈ ಹಂತದ ಅತಿಸ್ರಾವ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಾಲ್ಕು ಮೆಟ್ಟಿಲಿಗೇ ಏದುಸಿರು ಬರುವವರು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಬೇಕು. ಥೈರಾಯ್ಡ್, ಬಿಪಿ, ಸಕ್ಕರೆ ಪರೀಕ್ಷೆಯೂ ಆಗಲಿ. ಗಂಟೆಗೊಂದು ಪ್ಯಾಡ್ ತೋಯ್ದರೆ, ಗಂಡಹೆಂಡಿರ ಸಂಪರ್ಕದ ನಂತರ ರಕ್ತ ಕಂಡರೆ, ಒಂದು ವರ್ಷ ನಿಂತ ಮುಟ್ಟು ಮತ್ತೆ ಕಾಣಿಸಿಕೊಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಎಚ್ಚರ. ಮುಟ್ಟು ಏರುಪೇರಾದ ಕೂಡಲೇ ‘ಗರ್ಭಕೋಶ ತೆಗೆಸಿಬಿಡಿ, ಕಿರಿಕಿರಿ ಇರಲ್ಲ’ ಎನ್ನುವವರಿದ್ದಾರೆ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣ ಕಳೆದ ದಶಕದಲ್ಲಿ ಹೊರಬಂದು ಸರ್ಕಾರ ತನಿಖೆ ನಡೆಸಬೇಕಾಯಿತು. ಅಂಡಾಶಯವನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ. ಮೂವತ್ತೈದರಲ್ಲಿ ತೆಗೆಸಿಕೊಂಡವಳಿಗೆ ಆ ವಯಸ್ಸಿನಲ್ಲೇ ಮೂಳೆ ವೇಗವಾಗಿ ಸವೆಯಲು ತೊಡಗುತ್ತದೆ. ಅಂಥ ಸಲಹೆ ಬಂದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು. ಈಗಾಗಲೇ ಶಸ್ತ್ರಚಿಕಿತ್ಸೆಯಾದವರಿಗೆ ನಾನು ಹೇಳಿದ ವ್ಯಾಯಾಮ ಎಲ್ಲರಿಗಿಂತ ಹೆಚ್ಚು ಬೇಕು.

ಬಿಡುವು ಎಲ್ಲಿಂದ ಬರಬೇಕು?

‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯ 2024ರ ವರದಿಯಂತೆ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42. ಇದನ್ನು ಓದಿ ಹೆಂಗಸರು ಸೋಮಾರಿಗಳೆಂದು ತೀರ್ಮಾನಿಸುವವರು ಅದೇ ವರ್ಷದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನೂ ಓದಬೇಕು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಣ್ಣು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡು 88 ನಿಮಿಷ. ವಾರಕ್ಕೆರಡು ಸಲ ಅರ್ಧ ಗಂಟೆಯ ವ್ಯಾಯಾಮ ಅಂದರೆ ವಾರಕ್ಕೆ ಒಂದು ಗಂಟೆ. ಆ ಒಂದು ಗಂಟೆಯ ಕೆಲಸವನ್ನು ಗಂಡ, ಮಗ, ಮಗಳು ಹಂಚಿಕೊಂಡರೆ ಇಡೀ ಸಮಸ್ಯೆಯ ಅರ್ಧ ಪರಿಹಾರವಾಯಿತು. ಅವಳ ಇಚ್ಛಾಶಕ್ತಿ ಪರೀಕ್ಷಿಸುವ ಮೊದಲು ಅವಳ ದಿನಚರಿ ನೋಡಿ.

ಜಾಗದ ಮಾತೂ ಇದೆ. ನಮ್ಮ ಗರಡಿಮನೆಗಳು ಗಂಡಸರಿಗೆ ಮೀಸಲಾಗಿದ್ದವು. ಇಂದಿನ ಉದ್ಯಾನದ ಓಪನ್ ಜಿಮ್‌ನಲ್ಲೂ ನೈಟಿಯ ಮೇಲೆ ವೇಲು ಹೊದ್ದು ಬಂದ ಹೆಂಗಸು ನಾಲ್ಕು ಕಣ್ಣುಗಳಿಗೆ ಹೆದರಿ ಒಂದು ಸುತ್ತು ನಡೆದು ಮರಳುತ್ತಾಳೆ. ಊರಿನ ಸಮುದಾಯ ಭವನ, ಶಾಲೆಯ ಮೈದಾನ, ಕಲ್ಯಾಣ ಮಂಟಪಗಳು ವಾರದ ಬಹುಪಾಲು ದಿನ ಖಾಲಿ ಇರುತ್ತವೆ. ವಾರಕ್ಕೆ ಎರಡು ಸಂಜೆ, ಹೆಂಗಸರಿಗಾಗಿಯೇ ಅವನ್ನು ತೆರೆಯಲು ಪಂಚಾಯಿತಿ ಒಂದು ನಿರ್ಣಯ ಮಾಡಿದರೆ ಸಾಕು. ರಾಜ್ಯದಾದ್ಯಂತ ಸ್ತ್ರೀಶಕ್ತಿ ಗುಂಪುಗಳು ವಾರವಾರ ಸೇರಿ ಉಳಿತಾಯದ ಲೆಕ್ಕ ನೋಡುತ್ತವೆ. ಆ ಸಭೆಯ ಮೊದಲ ಅರ್ಧ ಗಂಟೆಯನ್ನು ಬಸ್ಕಿಗೆ, ಗೋಡೆ ದಂಡಕ್ಕೆ ಮೀಸಲಿಡಬಹುದು. ಜೊತೆಗಿದ್ದಾಗ ಮಾಡುವ ವ್ಯಾಯಾಮ ತಪ್ಪುವುದಿಲ್ಲ, ನಾಚಿಕೆಯೂ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ನಡೆಯುತ್ತದೆ. ನಲವತ್ತು ದಾಟಿದ ಪ್ರತಿ ಹೆಣ್ಣಿಗೂ ಅಲ್ಲೇ ‘ಮುಟ್ಟು ಹೇಗಿದೆ? ನಿದ್ದೆ ಬರುತ್ತಿದೆಯೆ? ಕೈ ಊರದೆ ಏಳಲು ಆಗುತ್ತದೆಯೆ?’ ಎಂಬ ಮೂರು ಪ್ರಶ್ನೆ ಕೇಳುವಂತಾಗಲಿ ಎಂದು ಆರೋಗ್ಯ ಇಲಾಖೆಯನ್ನು ಈ ವೇದಿಕೆಯಿಂದ ಕೋರುತ್ತೇನೆ.

ಅಕ್ಕತಂಗಿಯರೆ, ಈ ವಾರವೇ ಎರಡು ದಿನ ಗೊತ್ತುಮಾಡಿಕೊಳ್ಳಿ. ಪಕ್ಕದ ಮನೆಯವಳನ್ನೂ ಕರೆಯಿರಿ. ಹತ್ತು ಬಸ್ಕಿ, ಹತ್ತು ಗೋಡೆ ದಂಡದಿಂದ ಆರಂಭಿಸಿ, ತಿಂಗಳಿಂದ ತಿಂಗಳಿಗೆ ಭಾರ ಏರಿಸಿ. ಸೋದರರೆ, ಆ ಎರಡು ದಿನ ಸಂಜೆಯ ಅಡುಗೆ ನಿಮ್ಮದಾಗಲಿ. ಮುಟ್ಟು ನಿಲ್ಲುವುದನ್ನು ಯಾರೂ ತಡೆಯಲಾರರು, ಬಲ ಕುಂದುವುದನ್ನು ತಡೆಯಬಹುದು. ಆ ಕೆಲಸಕ್ಕೆ ಸರಿಯಾದ ವಯಸ್ಸು ನಲವತ್ತು, ಸರಿಯಾದ ದಿನ ಇಂದು.